ಅರೀನಾ ಅಂದರೆ ಮರಳು

ಅಮೆರಿಕದ ಯೂನಿವರ್ಸಿಟಿಯೊಂದರ ಪದವಿ ಪ್ರದಾನದ ಸುದ್ದಿ ಓದುತ್ತಿದ್ದೆ. ಸಮಾರಂಭ ನಡೆದದ್ದು ಕ್ಯಾಂಪಸ್ಸಿನ ಅರೀನಾದಲ್ಲಿ. ಕನ್ನಡ ವರದಿಯಲ್ಲಿ ಅದು 'ಆಟದ ಮೈದಾನ' ಆಗಿತ್ತು. ಕೆಳಗೇ ಫೋಟೋ ಇದೆ: ಮೇಲೆ ಚಾವಣಿ, ಸಾಲು ದೀಪ, ಸುತ್ತಲೂ ಮೆಟ್ಟಿಲಿನಂತೆ ಏರಿದ ಕುರ್ಚಿಗಳು. ಇದು ಮೈದಾನ ಹೇಗಾಗುತ್ತದೆ? ಈ ತಪ್ಪನ್ನು ಎಷ್ಟೋ ಸಲ ನೋಡಿ ಸುಮ್ನಿದ್ದೆ. ಈ ಸಲ ಆಗಲಿಲ್ಲ.

ಪದದ ಮೂಲ ಲ್ಯಾಟಿನ್ನಿನ 'ಹರೇನಾ'. ಅರ್ಥ ಮರಳು, ಅಷ್ಟೇ. ಗ್ಲಾಡಿಯೇಟರುಗಳು ಕಾದಾಡುತ್ತಿದ್ದ ಜಾಗದಲ್ಲಿ ರೋಮನ್ನರು ಮರಳು ಹಾಸುತ್ತಿದ್ದರು. ಬಿದ್ದ ರಕ್ತವನ್ನು ಅದು ಹೀರಿಕೊಳ್ಳುತ್ತಿತ್ತು. ಮರಳಿನ ಹೆಸರು ಮೊದಲು ಆ ನೆಲಕ್ಕೆ ಬಂತು, ಆಮೇಲೆ ಇಡೀ ಕಟ್ಟಡಕ್ಕೆ. ಹಾಗಾಗಿ ಅರೀನಾ ಅಂದ ಕೂಡಲೇ ಕಣ್ಣಿಗೆ ಬರಬೇಕಾದ್ದು ನಡುವಿನ ನೆಲ, ಅದರ ಸುತ್ತ ಕೂತ ಜನ.

ಸ್ಟೇಡಿಯಂ ಬಂದದ್ದು ಬೇರೆ ದಾರಿಯಿಂದ. ಗ್ರೀಕರ 'ಸ್ಟೇಡಿಯನ್' ಒಂದು ಅಳತೆ, 600 ಅಡಿ. ಅವರ ಅಡಿ ಊರಿಂದೂರಿಗೆ ಬೇರೆ. ಒಲಿಂಪಿಯಾದ ಓಟದ ಹಾದಿ ಸುಮಾರು 192 ಮೀಟರ್. ಸ್ಟೇಡಿಯಂ ಓಟದ ಉದ್ದ, ಅರೀನಾ ಕಾದಾಟದ ನೆಲ. ಇವತ್ತು ಸಾಮಾನ್ಯವಾಗಿ ಬಯಲಿನದ್ದು ಸ್ಟೇಡಿಯಂ, ಚಾವಣಿ ಇರುವುದು ಅರೀನಾ. ಹೆಸರಿಡುವವರು ಮಾತ್ರ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಡ್ಯೂಕ್ ಯೂನಿವರ್ಸಿಟಿಯಲ್ಲಿ 1940ರಲ್ಲಿ ಶುರುವಾದ ಬ್ಯಾಸ್ಕೆಟ್‌ಬಾಲ್ ಅರೀನಾಕ್ಕೆ ಈಗ ಕ್ಯಾಮೆರಾನ್ ಇಂಡೋರ್ ಸ್ಟೇಡಿಯಂ ಅಂತಲೇ ಹೆಸರು.

ನನಗೆ ತುಂಬಾ ಇಷ್ಟವಾದ ಹೆಸರು ಫಿಲಡೆಲ್ಫಿಯಾದಲ್ಲಿದೆ. ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯ 'ಪಲೆಸ್ಟ್ರಾ', 1927ರಿಂದ ನಡೆಯುತ್ತಿದೆ. ಗ್ರೀಕಿನಲ್ಲಿ ಪಲೈಸ್ಟ್ರಾ ಅಂದರೆ ಕುಸ್ತಿ ಕಲಿಸುವ ಜಾಗ. ನಮ್ಮ ಗರಡಿಮನೆಯೇ ಅಲ್ವಾ! ಹೆಸರು ಸೂಚಿಸಿದವರು ಅಲ್ಲಿನ ಗ್ರೀಕ್ ಪ್ರೊಫೆಸರ್. ಒಳಗೆ ಬೆಂಚುಗಳು ಕೋರ್ಟಿನ ಅಂಚಿನ ತನಕ ಇಳಿದು ಬರುತ್ತವೆ. ಮುಂದಿನ ಸಾಲಿನವರ ಕಾಲ ಬಳಿಯೇ ಚೆಂಡು ಪುಟಿಯುತ್ತದೆ.

ಕ್ಯಾಂಪಸ್ ಅರೀನಾಗಳಲ್ಲಿ ಬದಲಾಗುವುದೂ ಆ ನೆಲವೇ. ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಮರದ ಹಲಗೆಗಳನ್ನು ತುಂಡು ತುಂಡಾಗಿ ಜೋಡಿಸಿ, ಬೇಡವಾದಾಗ ಬಿಚ್ಚಿ ಎತ್ತಿಡುತ್ತಾರೆ. ಐಸ್ ಹಾಕಿ ಆಟ ನಡೆಯುವ ಕಡೆ ಮಂಜುಗಡ್ಡೆ ಮೇಲೆಯೇ ಹಲಗೆ ಹೊದಿಸಿ ಸಂಗೀತ ಕಾರ್ಯಕ್ರಮಕ್ಕೆ ಕುರ್ಚಿ ಹಾಕುತ್ತಾರೆ. ಸುತ್ತಲಿನ ಕುರ್ಚಿಗಳು ಇದ್ದಲ್ಲೇ ಇರುತ್ತವೆ.

ಹಾಗಾದರೆ ಕನ್ನಡದಲ್ಲಿ ಏನನ್ನಬೇಕು? 'ಒಳಾಂಗಣ ಕ್ರೀಡಾಂಗಣ' ನನಗೆ ಹಿಡಿಸುವುದಿಲ್ಲ. ಒಂದೇ ಹೆಸರಿನಲ್ಲಿ ಎರಡು ಸಲ ಅಂಗಣ. ಅದೂ ಅಲ್ಲದೆ ಅಲ್ಲಿ ಪದವಿ ಪ್ರದಾನ ನಡೆದರೆ ಕ್ರೀಡೆ ಎಲ್ಲಿಂದ ಬಂತು? ಅರೀನಾ ಅಂತಲೇ ಬರೆಯಿರಿ, ಎಲ್ಲರಿಗೂ ತಿಳಿಯುತ್ತದೆ. ಕನ್ನಡ ಪದವೇ ಬೇಕು ಅಂದರೆ 'ಕಣ' ಇದೆ. ಸುಗ್ಗಿಯಲ್ಲಿ ನೆಲ ಗಟ್ಟಿ ಮಾಡಿ, ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು ಎತ್ತು ತಿರುಗಿಸುವ ಜಾಗ. ಅಲ್ಲೂ ಕೆಲಸವೆಲ್ಲ ನಡುವಿನಲ್ಲಿ, ಜನ ಅಂಚಿನಲ್ಲಿ. ಒಕ್ಕುವ ಕಣವೇ ಯುದ್ಧದ ಕಣವಾಯಿತು, ಕುಸ್ತಿ ಕಣವಾಯಿತು, ಚುನಾವಣಾ ಕಣವೂ ಆಯಿತು. ಮರಳು ಅರೀನಾ ಆದ ಹಾಗೆಯೇ. 'ಧೂಳಿನ ಕಣ' ಅನ್ನುವಾಗಿನ ಕಣವನ್ನು ಇದರ ಜೊತೆ ಸೇರಿಸಬೇಡಿ. ಅದು ಸಂಸ್ಕೃತದ ಬೇರೆ ಪದ. ಇದು ನಮ್ಮ ಕಳ, ತಮಿಳರ ಕಳಂ.