ಒಂದ್ ತಿಂಗಳಿಗೆ ಬಂದ್ ಹೋಗೋ ಫಾರಿನ್ ಟೀಚರ್‌ಗಳಿಂದ ಸರ್ಕಾರಿ ಸ್ಕೂಲಿಗೆ ಏನಾದ್ರೂ ಉಪಯೋಗ ಇದ್ಯಾ?

ಪ್ರಶ್ನೆ: ಕೆನಡಾ, ಇಂಗ್ಲೆಂಡ್ ಕಡೆಯಿಂದ ಟೀಚರ್‌ಗಳು ಆಫ್ರಿಕಾಗೆ ಹೋಗಿ ಸೇವೆ ಮಾಡ್ತಾರೆ ಅಂತ ಓದ್ತಿರ್ತೀವಿ. ರಜೆಯಲ್ಲಿ ಹೋಗಿ ಅವ್ರು ಏನ್ ಕಲಿಸ್ತಾರೆ ಸಾರ್, ಫೋಟೋ ತೆಗೆಸ್ಕೊಂಡು ಬರೋ ಟೂರ್ ಅಲ್ವಾ ಇದು?

ಉತ್ತರ: ಅನುಮಾನ ಪಡೋದ್ರಲ್ಲಿ ತಪ್ಪೇನಿಲ್ಲ. ಕಾಲೇಜ್ ಹುಡುಗ್ರ ಹತ್ರ ದುಡ್ಡು ಇಸ್ಕೊಂಡು ಯಾವ್ದೋ ಹಳ್ಳಿ ಸ್ಕೂಲಲ್ಲಿ ಎರಡು ವಾರ ಎಬಿಸಿಡಿ ಹೇಳಿಸಿ ವಾಪಸ್ ಕಳಿಸೋರು ಇದಾರೆ, ಅದು ಟೂರೇ, ಮಕ್ಕಳ ಹೆಸರು ಬಾಯಿಗೆ ಬರೋ ಹೊತ್ತಿಗೆ ಫ್ಲೈಟ್ ಟೈಮ್ ಆಗಿರತ್ತೆ. ಆದ್ರೆ ಕೆನಡಾ ಟೀಚರ್ಸ್ ಫೆಡರೇಷನ್ ನಡೆಸೋ 'ಪ್ರಾಜೆಕ್ಟ್ ಓವರ್‌ಸೀಸ್' ಕಥೆ ಬೇರೆ. 1962ರಲ್ಲಿ ನೈಜೀರಿಯಾದಲ್ಲಿ ಶುರುವಾಗಿದ್ದು. ಅವರಿಗೆ ಜುಲೈ-ಆಗಸ್ಟ್ ಬೇಸಿಗೆ ರಜೆ, ಆ ರಜೆಯಲ್ಲಿ ಸಂಬಳ ಇಲ್ದೆ ಹೋಗ್ತಾರೆ, ಆದ್ರೆ ಮಕ್ಕಳಿಗೆ ಪಾಠ ಮಾಡೋಕಲ್ಲ, ಅಲ್ಲಿನ ಮೇಷ್ಟ್ರುಗಳ ಜೊತೆ ಕೂತು ಟ್ರೈನಿಂಗ್ ನಡೆಸೋಕೆ. ಕರೆಸ್ಕೊಳ್ಳೋದು ಅಲ್ಲಿನ ಶಿಕ್ಷಕರ ಸಂಘ. ಟ್ರೈನಿಂಗನ್ನ ಇವ್ರೊಬ್ರು ಅವ್ರೊಬ್ರು ಜೋಡಿಯಾಗಿ ಪ್ಲ್ಯಾನ್ ಮಾಡಿ ನಡೆಸ್ತಾರೆ. ಇವ್ರು ಊರಿಗೆ ಹೋದ್ಮೇಲೂ ಆ ಲೋಕಲ್ ಮೇಷ್ಟ್ರು ಅಲ್ಲೇ ಇರ್ತಾರಲ್ಲ, ಅದೇ ಇದರ ಜೀವಾಳ ಅಂತ ನನಗನ್ಸತ್ತೆ.

ಇದರ ಅಗತ್ಯ ಯಾಕೆ ಬಿತ್ತು ಅಂದ್ರೆ ಉಗಾಂಡಾ ನೋಡಿ. 1997ರಲ್ಲಿ ಅಲ್ಲಿ ಪ್ರೈಮರಿ ಸ್ಕೂಲಿಗೆ ಫೀಸ್ ತೆಗೆದ್ರು, ಒಂದೇ ವರ್ಷದಲ್ಲಿ ಮಕ್ಕಳ ಸಂಖ್ಯೆ ಸುಮಾರು 30 ಲಕ್ಷದಿಂದ 50 ಲಕ್ಷ ದಾಟ್ತು. ಮಕ್ಕಳೇನೋ ಬಂದ್ರು, ಅಷ್ಟೇ ಬೇಗ ಮೇಷ್ಟ್ರನ್ನ ಎಲ್ಲಿಂದ ತರ್ತೀರಾ? ಒಂದ್ ರೂಮಲ್ಲಿ ನೂರು ಮಕ್ಕಳು ಕೂತಿರುವಾಗ ಗುಂಪು ಮಾಡಿ ಕಲಿಸೋದು ಹೇಗೆ, ಓದೋಕೆ ಬರ್ದಿರೋ ಮಗೂನ ಹೇಗೆ ಹಿಡಿಯೋದು, ಇಂಥದ್ದು ಬಿ.ಎಡ್. ಪುಸ್ತಕಕ್ಕಿಂತ ಇನ್ನೊಬ್ಬ ಮೇಷ್ಟ್ರು ಮಾಡಿ ತೋರಿಸಿದ್ರೆ ಬೇಗ ತಲೆಗೆ ಹೋಗತ್ತೆ.

ನಮ್ಮಲ್ಲೂ ಹೀಗೇ ಆಗಿದ್ದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ (ಮಕ್ಕಳು ಪಾಠದ ಕಾರ್ಡುಗಳನ್ನಿಟ್ಕೊಂಡು ಆಡ್ತಾ ಕಲಿಯೋ ಪದ್ಧತಿ) ಶುರುವಾದಾಗ ಯುನಿಸೆಫ್ ಬೆಂಬಲ ಇತ್ತು ನಿಜ, ಆದ್ರೆ ನಮ್ಮ ಸರ್ಕಾರಿ ಶಾಲೆ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಹಳ್ಳಿ ಶಾಲೆಗಳನ್ನ ಕಣ್ಣಾರೆ ನೋಡ್ಕೊಂಡು ಬಂದು ಕಾರ್ಡುಗಳನ್ನ ತಾವೇ ಕೂತು ಮಾಡಿದ್ರು.

ಇನ್ನು ಯಾರೂ ಬರದೇನೇ ಆಗೋ ಸಹಕಾರಾನೂ ಇದೆ. ಇಂಗ್ಲೆಂಡಿನ ಓಪನ್ ಯೂನಿವರ್ಸಿಟಿ ಆಫ್ರಿಕಾದ ಯೂನಿವರ್ಸಿಟಿಗಳ ಜೊತೆ ಸೇರಿ 2005ರಲ್ಲಿ 'ಟೆಸ್ಸಾ' ಅಂತ ಮಾಡ್ತು. ಮೇಷ್ಟ್ರುಗಳಿಗೇ ಅಂತ ಮಾಡಿದ ಪಾಠದ ಮೆಟೀರಿಯಲ್, ಇಂಗ್ಲಿಷ್, ಫ್ರೆಂಚ್, ಅರೇಬಿಕ್, ಸ್ವಾಹಿಲಿ ನಾಲ್ಕರಲ್ಲೂ ಫ್ರೀ, ನಿಮ್ಮೂರಿಗೆ ಬೇಕಾದ ಹಾಗೆ ಬದಲಾಯಿಸ್ಕೋಬಹುದು. ಅದೇ ದಾರೀಲಿ ಆಮೇಲೆ 'ಟೆಸ್-ಇಂಡಿಯಾ' ಬಂತು, ಕರ್ನಾಟಕಾನೂ ಅದರಲ್ಲಿತ್ತು, ಕನ್ನಡದಲ್ಲೂ ಯೂನಿಟ್‌ಗಳು ಬಂದಿವೆ, ನಮ್ಮ ದೇಶದ ಕ್ಲಾಸ್‌ರೂಮಲ್ಲೇ ತೆಗೆದ ವಿಡಿಯೋಗಳೂ ಇವೆ. (ಮೇಷ್ಟ್ರಾಗಿದ್ರೆ ಒಂದ್ಸಲ ತೆಗೆದು ನೋಡಿ, ದುಡ್ಡೇನೂ ಇಲ್ಲ.)

ಆದ್ರೆ ಇದೆಲ್ಲಾ ಸೇರಿದ್ರೂ ಖಾಲಿ ಹುದ್ದೆ ತುಂಬಲ್ಲ, ಸಂಬಳ ಏರಲ್ಲ. 2013ರಲ್ಲಿ ಉಗಾಂಡಾದ ಶಿಕ್ಷಕರ ಸಂಘ ಶೇ. 20ರಷ್ಟು ಸಂಬಳ ಹೆಚ್ಚಳ ಕೇಳಿ ಸ್ಟ್ರೈಕ್ ಮಾಡ್ತು. ಟ್ರೈನಿಂಗಿಗೆ ಕೆನಡಾದವರನ್ನ ಕರೆಸ್ಕೊಳ್ಳೋ ಸಂಘಾನೂ ಅದೇ.