ಶಿವಮೊಗ್ಗದ 25ನೇ ಬೈಟ್

ಸಿ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರಿಗೆ ಪಾಯಿಂಟರ್ (ಮೆಮೊರಿಯ ವಿಳಾಸ ಹಿಡಿದಿಡುವ ವೇರಿಯಬಲ್) ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಶಿವಮೊಗ್ಗದ ಆಫೀಸಿಗೆ ಪ್ರಾಜೆಕ್ಟ್‌ಗೆಂದು ಬರುವ ಹುಡುಗರು ಅದನ್ನು ಬೇಗನೇ ಹಿಡಿಯುತ್ತಾರೆ. ಅವರು ಎಡವುವುದು ಮೆಮೊರಿಯ ಲೆಕ್ಕದಲ್ಲಿ. ಅದಕ್ಕಿಂತ ಹೆಚ್ಚಾಗಿ, "ಓಡ್ತಾ ಇದೆಯಲ್ಲ ಸರ್" ಎನ್ನುವ ನಂಬಿಕೆಯಲ್ಲಿ.

ಈಚೆಗೆ ಒಬ್ಬ ಹುಡುಗಿ ತಾಲೂಕುಗಳ ಹೆಸರನ್ನು ಕನ್ನಡದಲ್ಲೇ ಇಟ್ಟುಕೊಳ್ಳುವ ಪ್ರೋಗ್ರಾಂ ಬರೆದಿದ್ದಳು. ಅಕ್ಷರ ಎಣಿಸಿ, ಹೆಸರು ಮುಗಿಯಿತೆಂದು ತೋರಿಸುವ ಕೊನೆಯ ಸೊನ್ನೆಗೆ ಒಂದು ಸೇರಿಸಿ, ಎಲ್ಲ ಹೆಸರಿಗೂ ಮೊದಲೇ ಮ್ಯಾಲಾಕ್ ಮಾಡಿ (ಅಂದರೆ ಅಷ್ಟು ಬೈಟ್ ಮೆಮೊರಿ ಕೇಳಿ ಪಡೆದು), ಆಮೇಲೆ ಒಂದೊಂದನ್ನೇ ಕಾಪಿ ಮಾಡುವುದು. ಸಾಗರ, ಸೊರಬ, ಹೊಸನಗರ ಹಾಕಿದಾಗ ಚೆನ್ನಾಗಿ ಓಡಿತು. ಪಟ್ಟಿಯ ತಲೆಗೆ ಶಿವಮೊಗ್ಗ ಸೇರಿಸಿದಳು, ಪ್ರೋಗ್ರಾಂ ಬಿತ್ತು. ಬಿದ್ದಿದ್ದು ಸಾಗರವನ್ನು ಫ್ರೀ ಮಾಡುವ, ಅಂದರೆ ಅದರ ಮೆಮೊರಿ ಹಿಂದಿರುಗಿಸುವ ಸಾಲಿನಲ್ಲಿ. ಪಾಪ, ಆ ಸಾಲನ್ನೇ ಅಳಿಸಿ ಬರೆದು, ಲಿನಕ್ಸನ್ನೂ ಹೊಸದಾಗಿ ಹಾಕಿಕೊಂಡು ಬಂದಿದ್ದಳು.

ಇದನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಎಷ್ಟು ಸಲ ಹೇಳಿದರೂ ಜಾರಿಹೋಗುವುದು ಇಲ್ಲೇ. 'ಶಿವಮೊಗ್ಗ' ಕಣ್ಣಿಗೆ ನಾಲ್ಕು ಅಕ್ಷರ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಶ, ಗುಡಿಸು, ವ, ಮ, ಒತ್ವ, ಗ, ವಿರಾಮ, ಮತ್ತೆ ಗ ಅಂತ ಎಂಟು ಸಂಕೇತ, ಒಂದೊಂದಕ್ಕೂ ಮೂರು ಬೈಟ್. ಒಟ್ಟು 24, ಸೊನ್ನೆ ಸೇರಿದರೆ 25. ಅವಳು ಕೇಳಿದ್ದು 5.

ಹಾಗಾದರೆ ಸಾಗರ ಓಡಿದ್ದು ಹೇಗೆ? ಅದಕ್ಕೆ ಬೇಕಿದ್ದದ್ದು 13, ಕೇಳಿದ್ದು 4. 64 ಬಿಟ್ ಲಿನಕ್ಸ್‌ನ ಗ್ಲಿಬ್‌ಸಿ (ಸಿ ಪ್ರೋಗ್ರಾಂಗಳಿಗೆ ಮೆಮೊರಿ ಕೊಡುವ ಲೈಬ್ರರಿ) ಎಷ್ಟೇ ಕಡಿಮೆ ಕೇಳಿದರೂ ಸಾಮಾನ್ಯವಾಗಿ 24 ಬೈಟ್ ಬಳಸುವಷ್ಟು ಜಾಗ ಕೊಡುತ್ತದೆ. (ಬೇರೆ ಲೈಬ್ರರಿಯಲ್ಲಿ ಲೆಕ್ಕ ಬೇರೆ, ಈ 24ನ್ನು ಯಾರೂ ನೆಚ್ಚಿಕೊಳ್ಳಬೇಡಿ.) 19 ಬೈಟಿನ ಹೊಸನಗರವೂ ಅದರಲ್ಲೇ ಹಿಡಿಸಿತು. ಶಿವಮೊಗ್ಗದ 25ನೇ ಬೈಟ್, ಆ ಸೊನ್ನೆ, ಹೋಗಿ ಬಿದ್ದಿದ್ದು ಪಕ್ಕದ, ಅಂದರೆ ಸಾಗರದ, ತುಂಡಿನ ಅಳತೆ ಬರೆದಿಟ್ಟ ಜಾಗದ ಮೇಲೆ. ಅಳತೆ ಅಳಿಸಿಹೋಯಿತು. ಕಾಪಿ ಮಾಡುವಾಗ ಯಾರೂ ಅದನ್ನು ನೋಡುವುದಿಲ್ಲ. ಫ್ರೀ ಮಾಡುವಾಗ ನೋಡುತ್ತಾರೆ. ತಪ್ಪು ಶಿವಮೊಗ್ಗದ್ದು, ಸಿಕ್ಕಿಬಿದ್ದದ್ದು ಸಾಗರ.

ನನಗೆ ಸಿಟ್ಟು ಬರುವುದು ತಪ್ಪು ಮಾಡಿದ್ದಕ್ಕಲ್ಲ. ನಡುವೆ ಪರದೆಗೆ ಬರೆಯುವ ಒಂದು ಪ್ರಿಂಟ್ಎಫ್ ಹಾಕಿ, ಬೀಳುವುದು ನಿಂತ ಕೂಡಲೇ "ಸರಿ ಹೋಯ್ತು ಸರ್" ಅನ್ನುತ್ತಾರಲ್ಲ, ಅದಕ್ಕೆ. ಏನೂ ಸರಿಹೋಗಿಲ್ಲ. ಮಿತಿ ಮೀರಿ ಬರೆದ ಮೇಲೆ ಏನಾಗಬೇಕೆಂದು ಸಿ ಭಾಷೆಯ ನಿಯಮ ಹೇಳುವುದೇ ಇಲ್ಲ, ಓಡುವುದೂ ಅದರಲ್ಲೊಂದು.

ಜಿಸಿಸಿ ಕಂಪೈಲರಿನಲ್ಲಿ ಅಡ್ರೆಸ್ ಸ್ಯಾನಿಟೈಜರ್ (ಮೆಮೊರಿಯ ಮಿತಿ ಮೀರಿದ್ದನ್ನು ಹಿಡಿಯುವ ಸೌಲಭ್ಯ) ಆನ್ ಮಾಡಿ ಕಂಪೈಲ್ ಮಾಡಿ ಓಡಿಸಿದೆವು. 5 ಬೈಟಿನ ಜಾಗದಲ್ಲಿ 25 ಬೈಟ್ ಬರೆಯಲಾಗುತ್ತಿದೆ ಎಂದು ಮೊದಲ ಹೆಸರಾದ ಶಿವಮೊಗ್ಗದ ಕಾಪಿಗೇ ಅದು ತಡೆದು ನಿಲ್ಲಿಸಿ, ಸಾಲಿನ ಸಂಖ್ಯೆ ತೋರಿಸಿತು. ಅಕ್ಷರ ಎಣಿಸುವುದನ್ನು ಬಿಟ್ಟು, ಬೈಟ್ ಎಣಿಸುವ ಸ್ಟ್ರ್‌ಲೆನ್‌ಗೆ ಒಂದು ಕೂಡಿಸಿದ್ದೇ ತಡ, ನಾಲ್ಕೂ ಹೆಸರು ತಕರಾರಿಲ್ಲದೆ ಬಂದವು. ಸ್ಯಾನಿಟೈಜರ್ ಕೂಡ ಓಡಿದ ಸಾಲನ್ನು ಮಾತ್ರ ನೋಡುತ್ತದೆ. ಹಾಗಾಗಿ ಪರೀಕ್ಷೆಗೆ ಸಾಗರದಂಥ ಪುಟ್ಟ ಹೆಸರು ಕೊಟ್ಟು ಸುಮ್ಮನಾಗಬೇಡಿ, 31 ಬೈಟ್ ಬೇಡುವ ತೀರ್ಥಹಳ್ಳಿಯನ್ನೂ ಕೊಡಿ.