ಟಾಸ್ಕ್, ಬಿಟ್ಟಿ, ಹೊರೆ: ಪಾಲಿಗೆ ಬಂದ ಕೆಲಸದ ಹೆಸರುಗಳು

‘ಟಾಸ್ಕ್’ ಪದವನ್ನು ಒಮ್ಮೆ ‘ಟ್ಯಾಕ್ಸ್’ ಪಕ್ಕ ಇಟ್ಟು ನೋಡಿ. ಎರಡೂ ಒಂದೇ ಬಳ್ಳಿಯ ಕಾಯಿ. ಲ್ಯಾಟಿನ್‌ನ ‘ಟಕ್ಸಾ’ ಜನರ ಬಾಯಲ್ಲಿ ತಿರುಗಿ ‘ಟಸ್ಕಾ’ ಆಯಿತು. ಅದು ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಒಡೆಯನಿಗೆ ಸಲ್ಲಬೇಕಾದದ್ದನ್ನು ಕೆಲವರು ಹಣದಲ್ಲಿ ಕೊಟ್ಟರು, ಉಳಿದವರು ದುಡಿದು ತೀರಿಸಿದರು. ಆ ದುಡಿಮೆಯ ಪಾಲೇ ಟಾಸ್ಕ್. ಅಂದರೆ ಹೆಸರಿಟ್ಟವನು ಕೆಲಸ ಮಾಡಿದವನಲ್ಲ, ವಸೂಲಿಗೆ ನಿಂತವನು.

ಈ ಲೆಕ್ಕ ತುಂಬಾ ಹಳೆಯದು. ಸುಮಾರು 4,000 ವರ್ಷಗಳ ಹಿಂದೆ ಮೆಸೊಪೊಟೇಮಿಯದ ಊರ್ ರಾಜ್ಯದ ಗುಮಾಸ್ತರು ಮಣ್ಣಿನ ಹಲಗೆಗಳ ಮೇಲೆ ಕೆಲಸವನ್ನು ‘ಆಳು-ದಿನ’ಗಳಲ್ಲಿ ಬರೆದಿಟ್ಟಿದ್ದಾರೆ. ಕಾಲುವೆ ಅಗೆಯುವವನ ಪಾಲು ದಿನಕ್ಕೆ ಸುಮಾರು 3 ಘನ ಮೀಟರ್ ಮಣ್ಣು. ತಂಡದ ಕೆಲಸ ಕಡಿಮೆ ಬಿದ್ದರೆ ಮೇಸ್ತ್ರಿಯ ಹೆಸರಿನಲ್ಲಿ ಬಾಕಿ. ಆ ಬಾಕಿ ಮುಂದಿನ ವರ್ಷದ ಲೆಕ್ಕಕ್ಕೆ ಹೋಗುತ್ತಿತ್ತು. ನಾವೂ ‘ನಾಲ್ಕಾಳಿನ ಕೆಲಸ’ ಅನ್ನುತ್ತೇವಲ್ವಾ? ಅದೇ ಅಳತೆ.

ಯುರೋಪಿನಲ್ಲಿ ದಿನದ ದುಡಿಮೆ ನೆಲದ ಅಳತೆಯೇ ಆಗಿಬಿಟ್ಟಿತು. ಜರ್ಮನ್ನರ ‘ಟಾಗ್‌ವೆರ್ಕ್’ ಎಂದರೆ ಒಂದು ದಿನದ ಕೆಲಸ. ‘ಮೋರ್ಗನ್’ ಎಂದರೆ ಬೆಳಗ್ಗೆ, ಅಂದರೆ ಒಂದು ಬೆಳಗ್ಗೆಯಲ್ಲಿ ಉಳುವಷ್ಟು ಹೊಲ.

ಇನ್ನು ಬಿಟ್ಟಿ. ಈಗ ಅದು ಪುಕ್ಕಟೆ ಸಿಕ್ಕಿದ್ದಕ್ಕೆ ಹೇಳುವ ಮಾತು. ಮೂಲದಲ್ಲಿ ಸಂಸ್ಕೃತದ ‘ವಿಷ್ಟಿ’. ಕೂಲಿ ಇಲ್ಲದೆ ಮಾಡಲೇಬೇಕಾದ ಕೆಲಸ. ಪದದಲ್ಲಿ ‘ಪುಕ್ಕಟೆ’ ಉಳಿಯಿತು, ಯಾರಿಗೆ ಪುಕ್ಕಟೆ ಅನ್ನೋದು ಮಾತ್ರ ತಿರುವುಮುರುವಾಯಿತು. ಚೆಕ್ ಭಾಷೆಯಲ್ಲಿ ಇದರ ಜೋಡಿ ‘ರೊಬೋಟಾ’. ಚೆಕ್ ಜನರ ನಾಡಾದ ಬೊಹೀಮಿಯದ ರೈತರು ಜಮೀನ್ದಾರನ ಹೊಲದಲ್ಲಿ ವಾರಕ್ಕೆ ಇಷ್ಟು ದಿನ ಎಂದು ದುಡಿಯಬೇಕಿತ್ತು. ದಂಗೆ ಎದ್ದ ಮೇಲೆ, 1775ರಲ್ಲಿ, ರಾಣಿ ಮರಿಯಾ ತೆರೇಸಾ ಅದಕ್ಕೆ ವಾರಕ್ಕೆ ಮೂರು ದಿನದ ಮಿತಿ ಹಾಕಿದಳು. ಪೂರ್ತಿ ರದ್ದಾಗಿದ್ದು 1848ರಲ್ಲಿ. ಮುಂದೆ 1920ರಲ್ಲಿ ಕಾರೆಲ್ ಚಾಪೆಕ್ ತನ್ನ ನಾಟಕದಲ್ಲಿ ಬರುವ ಕೃತಕ ಆಳುಗಳಿಗೆ ‘ರೋಬಾಟ್’ ಎಂದು ಹೆಸರಿಟ್ಟ.

ಕಾರ್ಖಾನೆ ಬಂದ ಮೇಲೆ ಗಡಿಯಾರವೂ ಕೈ ಸೇರಿತು. 1899ರಲ್ಲಿ ಅಮೆರಿಕದ ಬೆಥ್ಲೆಹೆಮ್ ಉಕ್ಕಿನ ಕಂಪನಿಯಲ್ಲಿ ಎಂಜಿನಿಯರ್ ಫ್ರೆಡರಿಕ್ ಟೇಲರ್ ಕಬ್ಬಿಣದ ಗಟ್ಟಿಗಳನ್ನು ಸಾಗಿಸುವವರ ಕೆಲಸವನ್ನು ಅಳೆಸಿದ. ಒಂದೊಂದು ಗಟ್ಟಿ ಸುಮಾರು 42 ಕಿಲೋ. ಒಬ್ಬಾಳು ದಿನಕ್ಕೆ ಹನ್ನೆರಡೂವರೆ ಟನ್ ಹೊರುತ್ತಿದ್ದದ್ದು 47 ಟನ್‌ಗೆ ಏರಿತು ಎಂದು ಟೇಲರ್ ಬರೆದ. ಕೂಲಿ ಏರಿದ್ದು 1.15 ಡಾಲರ್‌ನಿಂದ 1.85ಕ್ಕೆ. ಕೆಲಸ ಮೂರೂಮುಕ್ಕಾಲು ಪಟ್ಟು, ಕೂಲಿ ಎರಡು ಪಟ್ಟೂ ಇಲ್ಲ! ಈ ಕಥೆಯಲ್ಲಿ ಬಣ್ಣ ಜಾಸ್ತಿ ಎಂದು ಇತಿಹಾಸಕಾರರು ಆಮೇಲೆ ತಕರಾರು ತೆಗೆದರು. ಅದೇನೇ ಇರಲಿ, ಹಿಂದಿನ ದಿನವೇ ಗೊತ್ತುಮಾಡಿಟ್ಟ ಕೆಲಸಕ್ಕೆ ಅವನು ಆರಿಸಿಕೊಂಡ ಪದ ‘ಟಾಸ್ಕ್’. ಅವನಿಗೆ ಅದರ ಹಳೆಯ ನೆಂಟಸ್ತಿಕೆ ನೆನಪಿತ್ತೋ ಇಲ್ಲವೋ, ಪದಕ್ಕಂತೂ ನೆನಪಿತ್ತು ಅನಿಸುತ್ತದೆ.

ಸೋವಿಯತ್ ಒಕ್ಕೂಟದಲ್ಲಿ ಒಡೆಯರಿಲ್ಲ ಅಂದರು. ಅಲ್ಲಿ ಪದ ‘ನಾರ್ಮ್’, ಅಂದರೆ ಒಬ್ಬಾಳು ಮಾಡಲೇಬೇಕು ಎಂದು ಗೊತ್ತುಮಾಡಿದ ಕೆಲಸದ ಪ್ರಮಾಣ. 1935ರ ಆಗಸ್ಟ್ 31ರಂದು ಗಣಿ ಕಾರ್ಮಿಕ ಅಲೆಕ್ಸಿ ಸ್ತಖಾನೊವ್ ಒಂದೇ ಪಾಳಿಯಲ್ಲಿ 102 ಟನ್ ಕಲ್ಲಿದ್ದಲು ಕಡಿದ. ನಾರ್ಮ್ ಇದ್ದದ್ದು 7 ಟನ್. ಸುರಂಗಕ್ಕೆ ಮರದ ಆಸರೆ ಕೊಡುತ್ತಾ ಹಿಂದೆ ಇನ್ನಿಬ್ಬರು ದುಡಿದಿದ್ದರು, ಅವರ ಹೆಸರು ಸುದ್ದಿಯಾಗಲಿಲ್ಲ. ಮರುವರ್ಷ ಹಲವು ಕೈಗಾರಿಕೆಗಳಲ್ಲಿ ಎಲ್ಲರ ನಾರ್ಮ್ ಏರಿಸಲಾಯಿತು.

ಇವೆಲ್ಲದರ ನಡುವೆ ನನಗೆ ‘ಹೊರೆ’ಯೇ ಇಷ್ಟ. ‘ಹೊರು’ ಕ್ರಿಯೆಯಿಂದ ಬಂದ ಪದ, ಕತ್ತು ನೋಯಿಸಿಕೊಂಡವರದು. ‘ಕಾರ್ಯಭಾರ’ದ ಭಾರವೂ ಸಂಸ್ಕೃತದಲ್ಲಿ ಹೊರುವುದರಿಂದಲೇ ಬಂದದ್ದು, ಆದರೆ ಅದಕ್ಕೆ ಕಚೇರಿ ಕಾಗದದ ವಾಸನೆ. ತಮಾಷೆಯೆಂದರೆ ಇಂಗ್ಲಿಷಿನ ‘ಲೋಡ್’ಗೆ ಮೊದಲು ದಾರಿ, ಪಯಣ ಎಂಬ ಅರ್ಥವಿತ್ತು. ಭಾರ ಆಮೇಲೆ ಬಂದು ಕೂತಿತು.

ಈಗ ಹೊರೆ ತಲೆಯ ಮೇಲಿಂದ ತಲೆಯ ಒಳಗೆ ಇಳಿದಿದೆ. ಇನ್ನೊಂದು ಕೆಲಸಕ್ಕೆ ತಲೆಯಲ್ಲಿ ಜಾಗವಿಲ್ಲ ಎನ್ನಲು ‘ಬ್ಯಾಂಡ್‌ವಿಡ್ತ್ ಇಲ್ಲ’ ಅನ್ನುವವರು ಬಳಸುತ್ತಿರುವುದು ರೇಡಿಯೋ ಎಂಜಿನಿಯರುಗಳ ಪದ, ತರಂಗಗಳ ಪಟ್ಟಿಯ ಅಗಲ. ಮನುಷ್ಯರ ಬಿಟ್ಟಿ ಕೆಲಸದ ಹೆಸರು ಯಂತ್ರಕ್ಕೆ ಹೋಯಿತು, ತಂತಿ-ತರಂಗಗಳ ಹೆಸರು ಮನುಷ್ಯರಿಗೆ ಬಂತು. ಒಳಗಿನ ಹೊರೆಯನ್ನು ಗಡಿಯಾರ ಹಿಡಿದು ಅಳೆಯೋಕೆ ಆಗಲ್ಲ. ಹಾಗಾಗಿ ನಾಸಾದಲ್ಲಿ ಸಾಂಡ್ರಾ ಹಾರ್ಟ್ ಮತ್ತು ಲೊವೆಲ್ ಸ್ಟೇವ್‌ಲ್ಯಾಂಡ್ 1988ರಲ್ಲಿ ಪ್ರಕಟಿಸಿದ ಅಳತೆಗೋಲು ಬೇರೆ ದಾರಿ ಹಿಡಿಯಿತು. ಅದರಲ್ಲಿರುವುದು ಎಷ್ಟು ಎಂದು ಗುರುತು ಹಾಕುವ ಆರು ಗೆರೆಗಳು: ತಲೆಗೆ ಬಿದ್ದ ಕೆಲಸ, ಮೈಗೆ ಬಿದ್ದ ಕೆಲಸ, ಸಮಯದ ಒತ್ತಡ, ಕೆಲಸ ಎಷ್ಟು ಚೆನ್ನಾಗಿ ಆಯಿತು, ಪಟ್ಟ ಶ್ರಮ, ಆದ ಕಿರಿಕಿರಿ. ಗುರುತು ಹಾಕುವವರು ಮೇಸ್ತ್ರಿಯಲ್ಲ, ಕೆಲಸ ಮಾಡಿದವರೇ.